ನಿಯಮ ತಿಳಿಸಿಕೊಟ್ಟ ಮೇಷ್ಟ್ರು

ಲೇ, ನನ್ನ ಮದುವೆ ಆಯಿತು ಕಣೇ, ಇಪ್ಪತ್ತು ದಿನವಾದರೂ ನಗು ನಿಲ್ಲುತ್ತಿಲ್ಲ! ನನ್ನ ಕಾಗದಗಳನ್ನು ಒಡೆಯದೆ ವಾಪಸ್ ಕಳಿಸುತ್ತೀಯ, ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ಕೈಯಲ್ಲಿ ತರುತ್ತೇನೆ.

ಇವತ್ತು ಕಾಲೇಜಿನಲ್ಲಿ ಉಪನ್ಯಾಸಕರಿಗೆಲ್ಲ ಲೈಂಗಿಕ ಕಿರುಕುಳದ ನಿಯಮ ತಿಳಿಸಿಕೊಟ್ಟವನು ಯಾರು ಗೊತ್ತಾ? ನಿನ್ನ ಪಿಎಚ್.ಡಿ. ಗೈಡ್! ದೂರು ಸಮಿತಿಗೆ ಈಗ ಅವನೇ ಅಧ್ಯಕ್ಷ, ನಾಚಿಕೆಗೆಟ್ಟವನು.

"ಸುಳ್ಳು ದೂರೇ ಜಾಸ್ತಿ ಕಣ್ರಮ್ಮ. ಹಿಂದೆ ಒಬ್ಬಳು ಕೊಟ್ಟಿದ್ಲು, ಒಂದು ಸಾಕ್ಷಿನೂ ಸಿಗಲಿಲ್ಲ" ಎಂದ. ಉಳಿದವರು ಬಿಸ್ಕತ್ತು ಮೆಲ್ಲುತ್ತ ತಲೆಯಾಡಿಸಿದರು, ಕುರಿಗಳು!

"ಸಾಕ್ಷಿ ಇತ್ತು ಸರ್. ಲ್ಯಾಬಿನ ಬಾಗಿಲಲ್ಲಿ ನಾನೇ ನಿಂತಿದ್ದೆ" ಎಂದೆ. ನಿನ್ನ ಆ ದೂರಿನ ವಿಚಾರಣೆಯ ದಿನ ನಾನು ಜ್ವರವೆಂದು ರಜೆ ಹಾಕಿದ್ದು ನಿನಗೆ ನೆನಪಿರುತ್ತದೆ.

ಹೇಳಿಕೆ ಬರೆದುಕೊಟ್ಟರೆ ಪ್ರಾಂಶುಪಾಲರು, "ಹೊಸದಾಗಿ ಮದುವೆಯಾಗಿದ್ದೀಯ, ಯಾಕಮ್ಮ ಈ ರಗಳೆ?" ಎಂದರು. ದೂರನ್ನು ಮತ್ತೆ ತೆರೆಯಲು ನಿನ್ನ ಸಹಿ ಬೇಕಂತೆ. ನೀನು ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆಯೇ ಕೂರುತ್ತೇನೆ. ಶುಕ್ರವಾರ, ಬೆಳಗಿನ ಏಳೂವರೆಯ ಪ್ಯಾಸೆಂಜರ್ ರೈಲಿಗೆ ಬರುತ್ತೇನೆ.