ತುಂಬಿದ ಬಟ್ಟಲು

ಕೋಚ್ಕೋರ್,
ಅಕ್ಟೋಬರ್ ೧೪

ನನ್ನ ಜಿಪಾರ್,

ನಿನ್ನ ಹೆತ್ತವಳು, ನಿನ್ನ ಅಪಾ ಮಾಡುವ ಆಶೀರ್ವಾದ, ತೆಗೆದುಕೊಳ್ಳುವ ಮನಸ್ಸು ನಿನಗೆ ಇನ್ನೂ ಇದ್ದರೆ.

ಕುರಿಗಳು ಬೆಟ್ಟದಿಂದ ಇಳಿದು ಬಂದಿವೆ. ಆಲೂಗಡ್ಡೆ ನೆಲಮಾಳಿಗೆ ಸೇರಿದೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದು ನಿನಗೆ ಗೊತ್ತು. ಹೇಳಬೇಕಾದ್ದಕ್ಕೆ ಬಾಯಿ ಬರದವಳು ಆಲೂಗಡ್ಡೆಯ ಕ್ಷೇಮಸಮಾಚಾರ ಬರೆಯುತ್ತಾಳೆ.

ನಿನ್ನ ತಮ್ಮ ಮೆದೆರ್ ಸತ್ತು ವರ್ಷವಾದಾಗ ಇಟ್ಟ ಊಟದ ದಿನದಿಂದ ನಾಚಿಕೆ ನನ್ನನ್ನು ತಿನ್ನುತ್ತಿದೆ. ಮೊದಲು ಅದು ನಿನ್ನಿಂದ ಬಂದ ನಾಚಿಕೆ ಅಂದುಕೊಂಡೆ. ಮೂವತ್ತಾರರ ಮಗಳು, ಬಿಷ್ಕೆಕ್‌ನಲ್ಲಿ ಹಲ್ಲಿನ ಡಾಕ್ಟರು. ಈ ಬೀದಿಯ ಅರ್ಧ ಜನರ ಬಾಯಲ್ಲಿ ನೀನು ಕೂರಿಸಿದ ಚಿನ್ನದ ಹಲ್ಲು. ಅದನ್ನೆಲ್ಲ ಬಿಟ್ಟು, ಮನಸ್ಸು ಕುಸಿದವರ ಮಾತು ಕೇಳುವ ಕೆಲಸ ಕಲಿತು ಫೋನಿನ ಮುಂದೆ ಕೂರುತ್ತಿದ್ದೇನೆ ಎಂದು ಊಟಕ್ಕೆ ಬಂದವರೆದುರು ನೀನು ಹೇಳಿಬಿಟ್ಟೆ. ಪಕ್ಕದ ಮನೆ ಉಮ್ಸುನ್ ಸುಮ್ಮನಿರುವ ಪೈಕಿಯೇ? “ಅಲ್ವೇ ಸಾಲ್ಕಿನ್, ಹುಚ್ಚರ ಸಾವಾಸ ಮಾಡಿದ್ರೆ ನಿನ್ನ ಮಗಳಿಗೂ ಅಂಟ್ಕೊಳ್ಳಲ್ವೇನೇ?” ಎಂದು ನೀನೇ ಹಾಕಿದ ಹಲ್ಲು ತೋರಿಸಿ ನಕ್ಕಳು.

ನೀನು ನಗಲಿಲ್ಲ. “ಮೆದೆರ್ ಕುದುರೆಯಿಂದ ಬಿದ್ದು ಸತ್ತಿದ್ದಲ್ಲ, ಚಿಕ್ಕಮ್ಮ. ತಾನೇ ಜೀವ ತೆಕ್ಕೊಂಡ. ಏನಾಗಿದ್ಯೋ ನಿಂಗೆ ಅಂತ ನಾವ್ಯಾರೂ ಕೇಳ್ಲಿಲ್ಲ. ಅದಕ್ಕೇ ಈ ಕೆಲ್ಸಕ್ಕೆ ಬಂದೆ,” ಅಂದೆ.

ಚಹಾ ಹಾಕುತ್ತಿದ್ದವಳು ನಾನು. ಇನ್ನಷ್ಟು ಹೊತ್ತು ಕೂತಿರಲಿ ಎನಿಸುವವರಿಗೆ ಅರ್ಧ ಬಟ್ಟಲು, ಎದ್ದು ಹೋಗಲಿ ಎನಿಸುವವರಿಗೆ ತುಂಬಿದ ಬಟ್ಟಲು. ಇದನ್ನು ನಿನಗೆ ಕಲಿಸಿದವಳೂ ನಾನೇ. ಅವತ್ತು ನಿನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಎಲ್ಲರೆದುರು ನಿನ್ನ ಮುಂದಿಟ್ಟೆ. ಹೆತ್ತ ಮಗಳಿಗೆ! ನೀನು ಒಂದು ಹನಿ ಚೆಲ್ಲದೆ ಕುಡಿದು, ಕೋಟು ತೊಟ್ಟು ಹೊರಟುಹೋದೆ. ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ.

ಕುದುರೆಯ ಕಥೆ ಕಟ್ಟಿದವಳು ನಾನು ತಾನೇ. ತಪ್ಪೆಲ್ಲ ಅದರದೇ ಎಂಬಂತೆ ಆ ಬಡಪಾಯಿ ಪ್ರಾಣಿಯನ್ನು ಮಾರಿಯೂ ಬಿಟ್ಟೆ. ಜನ ಏನೆಂದಾರು ಎಂಬ ಭಯಕ್ಕೆ ಮಗನನ್ನು ಎರಡನೇ ಸಲ ಹೂತೆ, ಮಗಳನ್ನು ಹೊರಗೆ ಹಾಕಿದೆ. ಈಗ ಜನರ ಬಾಯಿ ಮುಚ್ಚಿದೆ, ನನ್ನ ಮನೆಯಲ್ಲಿ ಮಾತಾಡುವವರೂ ಇಲ್ಲ.

ಹೋದ ವಾರ ಉಮ್ಸುನ್ ಹಿತ್ತಲ ಬಾಗಿಲಿಂದ ಬಂದಳು. “ನನ್ನ ಸೊಸೆ ಹೆರಿಗೆ ಆದಾಗಿಂದ ಗೋಡೆ ನೋಡ್ಕೊಂಡೇ ಕೂತಿರ್ತಾಳೆ ಕಣೇ. ಮಗು ಅತ್ರೂ ತಿರುಗಿ ನೋಡಲ್ಲ. ನಿನ್ನ ಮಗಳ ಕೆಲಸದ ನಂಬರ್ ಕೊಡೇ. ಯಾರಿಗೂ ಹೇಳ್ಬೇಡ,” ಅಂದಳು. ಊರಿಗೆಲ್ಲ ಡಂಗುರ ಹೊಡೆಯುವವಳ ಬಾಯಲ್ಲಿ ಆ ಮಾತು! ನಗು ಬರಬೇಕಿತ್ತು, ಬರಲಿಲ್ಲ. ನಿನ್ನ ಕೆಲಸದ ನಂಬರು ನನ್ನಲ್ಲೇ ಇರಲಿಲ್ಲ. ಔಷಧಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದರು, ಅಲ್ಲಿಂದ ಬರೆದುಕೊಂಡು ಬಂದು ಕೊಟ್ಟೆ.

ಬರುವ ಶುಕ್ರವಾರ ಮೆದೆರ್‌ನ ಹೆಸರಲ್ಲಿ ಹಿಟ್ಟು ನಾದಿ ಬೊರ್ಸೋಕ್ ಕರಿಯುತ್ತೇನೆ, ಬೀದಿಯವರನ್ನು ಕರೆಯುತ್ತೇನೆ. ಅವನನ್ನು ಕೊಂದದ್ದು ಕುದುರೆಯಲ್ಲ ಎಂದು ನನ್ನ ಬಾಯಿಂದಲೇ ಹೇಳಬೇಕು. ಹೇಳಬಲ್ಲೆನೋ ಇಲ್ಲವೋ ಗೊತ್ತಿಲ್ಲ. ಬಾ ಎಂದು ಕರೆಯಲು ನನಗೆ ಮುಖವಿಲ್ಲ. ಆದರೂ ನಿನ್ನ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ.

ನಾಚಿಕೆಗೆಟ್ಟು ಬದುಕಿರುವ
ನಿನ್ನ ಅಪಾ,
ಸಾಲ್ಕಿನ್

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಆ ನಂಬರನ್ನು ನಾನೂ ಇಟ್ಟುಕೊಂಡಿದ್ದೆ. ಬುಧವಾರ ಮಧ್ಯಾಹ್ನ ಫೋನ್ ಮಾಡಿ, ಹೆಸರು ಹೇಳದೆ, “ನಮ್ಮ ಪಕ್ಕದ ಮನೆಯವಳೊಬ್ಬಳು ಮಗ ಸತ್ತಾಗಿಂದ ಅವನ ಹಾಸಿಗೆ ಮಡಿಸಿಲ್ಲ” ಎಂದು ದನಿ ಬದಲಿಸಿ ಹೇಳಿದ ಮುದುಕಿ ನಾನೇ. ನಿನಗೆ ಗುರುತು ಸಿಗಲಿಲ್ಲ ಅಂದುಕೊಂಡೆ. ಅಳು ಬಂದು ಫೋನ್ ಇಡುವವಳಿದ್ದೆ. ಅಷ್ಟರಲ್ಲಿ ನೀನು ಅಂದೆ: “ಹತ್ರ ಚಹಾ ಇದ್ಯಾ? ಅರ್ಧ ಬಟ್ಟಲು ಹಾಕ್ಕೊಂಡು ಕೂತ್ಕೊಳ್ಳಿ. ನಾನೆಲ್ಲೂ ಹೋಗಲ್ಲ.”