ಶಾಲುಬಾಯಿಯ ಒನ್ಸ್ ಮೋರ್

ಚಿದ್ರಿ, ಬೀದರ
೧೦ ಫೆಬ್ರುವರಿ ೨೦೨೫

ಔರಾದಿನ ಅರಮನೆಯಲ್ಲಿ ವಿರಾಜಮಾನನಾದ, ರಂಗದ ಮೇಲೆ ನನ್ನ ಪಟ್ಟದರಾಣಿಯಾಗಿ ಸೀರೆಯುಟ್ಟು ಮೆರೆದ ಗೆಳೆಯ ನಬೀಸಾಬನಿಗೆ ಪಂಢರಿಯ ಜೈಭೀಮ್, ಸಲಾಂ.

ಬರೆಯಲು ತಡವಾಯಿತು, ಮಾಫ್ ಮಾಡು. ನನ್ನ ಶಾಲುಬಾಯಿ ತೀರಿಕೊಂಡ ದಿನ ನೀನು ಸಂಜೆಯತನಕ ನನ್ನ ಕೈ ಹಿಡಿದು ಕುಳಿತಿದ್ದೆಯಂತೆ. ಮಗಳು ಆಮ್ರಪಾಲಿ ಹೇಳಿದಳು. ನನಗೆ ನೆನಪಿಲ್ಲ. ಹೆಂಡತಿ ಹೋದರೆ ಗುಡುಗಬೇಕಾದ ಗಂಟಲಿದು! ಆಕಳಿಕೆ ಬಂತು, ಅಷ್ಟೇ.

ಈಗ ಸುದ್ದಿ. ನನ್ನ ಎದೆಯೊಳಗಿನ ಪೇಸ್‌ಮೇಕರಿನ ಬ್ಯಾಟರಿ ಮುಗಿಯಲು ಬಂದಿದೆ. "ಹೊಸಾದು ಎಷ್ಟ್ ವರ್ಷ ಬಾಳ್ತದರಿ ಡಾಕ್ಟರ್ ಸಾಬ್?" ಎಂದು ದವಾಖಾನೆ ನಡುಗುವಂತೆ ಕೇಳಿದೆ.

"ಸಾವಕಾಶ ಅಜ್ಜಾ, ಇಲ್ಲಿ ಎಲ್ಲಾ ಹಾರ್ಟಿನ ಮಂದೀನೇ ಕುಂತದ," ಎಂದು ನಕ್ಕರು. "ಎಂಟು, ಹತ್ತು, ಒಬ್ಬೊಬ್ಬರಿಗಿ ಹನ್ನೆರಡು. ನಿಮ್ಮ ಹೃದಯ ಎಷ್ಟು ಆಸರ ಬೇಡ್ತದ, ಹಂಗ. ಬರೀ ಸೆಲ್ ಬದಲಿ ಮಾಡಾಕ ಬರಂಗಿಲ್ರಿ, ಡಬ್ಬೀನೇ ಬದಲಿ ಮಾಡಬೇಕು. ಲಗು ಮಾಡಿಸ್ರಿ."

ಆಮ್ರಪಾಲಿ ಬುಧವಾರಕ್ಕೆ ಗೊತ್ತು ಮಾಡಿದ್ದಾಳೆ. ನಾನು ಹೂಂ ಅಂದಿಲ್ಲ. "ಅಪ್ಪಾ, ಸಾಯೋದು ನಾಟಕ ಅಂತ ತಿಳದೀರೇನು?" ಎಂದು ಗದರಿದಳು.

ಮತ್ತೇನು, ನಬ್ಬೂ? ಭಾಲ್ಕಿಯಲ್ಲಿ ನಿನ್ನ ತೊಡೆಯ ಮೇಲೆ ನಾನು ಸತ್ತಾಗ ಜನ 'ಒನ್ಸ್ ಮೋರ್' ಕೂಗಿದರು. ಎದ್ದೆ, ಕಿರೀಟ ಸರಿಮಾಡಿಕೊಂಡೆ, ಹಾಡಿದೆ, ಮತ್ತೆ ಸತ್ತೆ. "ಭಾಡ್ಯಾ, ತೊಡಿ ಜೋಮ ಹಿಡದದ, ಲಗು ಸಾಯಿ!" ಎಂದು ಸೆರಗಿನ ಮರೆಯಲ್ಲಿ ಬೈದೆ ನೀನು. ಆ ಕೂಗು ಮೊದಲು ಎದ್ದದ್ದು ಹೆಣ್ಣುಮಕ್ಕಳ ಕಡೆಯಿಂದ. ಕೂಗಿದವಳು ಶಾಲುಬಾಯಿ.

ಮರಿಯಮಬೀಗೆ ಸಲಾಂ ಹೇಳು. ನಿನ್ನ ಮೊಮ್ಮಕ್ಕಳಿಗೆ ನೂರು ಹಬ್ಬ ಬರಲಿ.

ನಿನ್ನ ಮಹಾರಾಜ,
ಪಂಢರಿ

ತಾ.ಕ.: ಶಾಲುಬಾಯಿಯ ಎದೆಯಲ್ಲೂ ಅಂಥದೇ ಡಬ್ಬಿ ಇತ್ತಲ್ಲ, ಹೋದ ವರ್ಷವಷ್ಟೇ ಹೊಸದು ಹಾಕಿಸಿದ್ದೆವು. ಅವಳನ್ನು ಒಯ್ದದ್ದು ನ್ಯುಮೋನಿಯಾ. ಡಬ್ಬಿಗೆ ಏನೂ ಆಗಿರಲಿಲ್ಲ. ನಿಮ್ಮಂತೆ ಮಣ್ಣಿಗೆ ಕೊಟ್ಟಿದ್ದರೆ ಅವಳ ಜೊತೆಗೇ ಹೋಗುತ್ತಿತ್ತು. ಚಿತೆಯಲ್ಲಿ ಸಿಡಿಯುತ್ತದೆಂದು ತೆಗೆದು, ತೊಳೆದು, ನನ್ನ ಕೈಗಿಟ್ಟರು. ನನ್ನ ಬಣ್ಣದ ಪೆಟ್ಟಿಗೆಯಲ್ಲಿದೆ, ಆಯುಷ್ಯ ತುಂಬಿಕೊಂಡು. ಅದನ್ನೇ ನನಗೆ ಹಾಕಿರಿ ಎಂದು ಡಾಕ್ಟರನ್ನು ಕೇಳಿದೆ. "ಒಬ್ಬರದು ಒಬ್ಬರಿಗಿ ಹಾಕಂಗಿಲ್ಲ ಅಜ್ಜಾ," ಎಂದರು. ಈ ಸಲ ಅವರು ನಗಲಿಲ್ಲ.

ಬುಧವಾರ ಬಾ. ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ಕೂಗು. ಕೂಗಬೇಕಾದವಳು ಅವಳು. ಆದರೂ ಕೂಗು, ಎದ್ದು ನೋಡುತ್ತೇನೆ.