ಎಡಗೈ ಮೇಲೆ ತಲೆಯಿಟ್ಟ ಅಮ್ಮ

ಜೂನ್ ೧೨, ಗುರುವಾರ

ದೋಣಿ ಮುಳುಗಿದ ಸುದ್ದಿಗೆ ಇವತ್ತು ಪತ್ರಿಕೆಯಲ್ಲಿ ನಾನು ಬರೆದದ್ದೇ ಚಿತ್ರ: ಕೈ ಮೇಲೆ ತಲೆಯಿಟ್ಟು ಕೂತ ಹೆಂಗಸು. ಹೋದ ವರ್ಷ ಗೋದಾಮಿಗೆ ಬೆಂಕಿ ಬಿದ್ದಾಗಲೂ ಇವಳೇ ಅತ್ತಿದ್ದಳು. ನಿನ್ನೆ ಸಂಪಾದಕರು ಕೊಟ್ಟದ್ದು ಅರ್ಧ ಗಂಟೆ. ಹಳೆಯ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ, ಬಟ್ಟೆಗೆ ನೀಲಿ ಬಳಿದು ಕಳಿಸಿದೆ. ಆಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಲೋಗೊ ಬರೆಯುವ ಕೆಲಸ. "ನಗು ಇನ್ನೂ ಸ್ವಲ್ಪ ಅಗಲ ಆಗ್ಲಿ ಸಾರ್" ಎಂದು ಹನ್ನೊಂದು ಸಲ ತಿದ್ದಿಸಿದರು. ತಿದ್ದಿದೆ.

ಸಂಜೆ ಅಮ್ಮ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಳು.

"ಇದು ನಾನೇ ಅಲ್ವೇನೋ? ನಿಮ್ಮಪ್ಪ ಹೋದ ದಿನ ಹೀಗೇ ಕೂತಿದ್ದೆ."

"ಯಾರೋ ಹೆಂಗಸಮ್ಮ."

"ಹೋಗೋ, ನನ್ನ ಮೂಗು ನಂಗೆ ಗೊತ್ತಾಗಲ್ವಾ? ಆದ್ರೆ ನಾನು ತಲೆ ಇಟ್ಟಿದ್ದು ಬಲಗೈ ಮೇಲೆ."

ಅಪ್ಪನ ನಾಟಕ ಕಂಪನಿಯಲ್ಲಾಗಿದ್ದರೆ ಇಲ್ಲಿ ನಾನು "ಹಾ ವಿಧಿಯೇ!" ಎಂದು ಎದೆ ಬಡಿದುಕೊಂಡು ಕುಸಿಯಬೇಕು, ಹಾರ್ಮೋನಿಯಂ ಗೋಳಿಡಬೇಕು, ಪರದೆ ಬೀಳಬೇಕು! ಆ ಪಾರ್ಟನ್ನು ಎಷ್ಟು ಸಲ ಮಾಡಿಲ್ಲ ನಾನು. ಇವತ್ತು ಬಾಯಿಗೆ ಬಂದದ್ದು, "ಆಯ್ತಮ್ಮ, ತಿದ್ತೀನಿ." ಡಾಕ್ಟರಿಗೆ ಅಂದ ಹಾಗೇ ಅಂದೆ.

ಅಪ್ಪ ಹೋದ ದಿನ ನನಗೆ ಅಳು ಬಾರದೆ, ಎದುರಿಗೆ ಕೂತು ಅಮ್ಮನನ್ನು ಬರೆದಿದ್ದೆ. ಈಗ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಮತ್ತೆ ಬಲಗೈಗೆ ತಿರುಗಿಸಿದೆ. ಈಗಲೂ ಅಳು ಬರಲಿಲ್ಲ. ಎಡಕ್ಕೆ ತಿರುಗಿಸಿದೆ. ಮತ್ತೆ ಬಲಕ್ಕೆ…